ಬಾಯಿಮಾತೂ ಬರಹವೂ: ಕುಟುಂಬದ ಕಾಯಿದೆಯನ್ನು ಕುರಿತು ಒಂದು ಪಾಠ

ಓದತಕ್ಕ ಭಾಗಗಳು: ಯೆರೆಮೀಯ ೩೨ನೆಯ ಅಧ್ಯಾಯ, ಅರಣ್ಯಕಾಂಡ ೨೭ನೆಯ ಅಧ್ಯಾಯ, ಮಾರ್ಕ ೭ನೆಯ ಅಧ್ಯಾಯ.



ಯೆರೂಸಲೇಮ್ ಪಟ್ಟಣವನ್ನು ಬಾಬೆಲಿನ ದಂಡು ಮುತ್ತಿತ್ತು. ಪ್ರವಾದಿಯಾದ ಯೆರೆಮೀಯನು ಸೆರೆಯಲ್ಲಿದ್ದನು. ಅಂಥ ಕಾಲದಲ್ಲಿ ಅವನ ತಂದೆಯ ಸಹೋದರನ ಮಗನು ಬಂದು, ಅನಾತೋತಿನಲ್ಲಿದ್ದ ತನ್ನ ಹೊಲವನ್ನು ಕೊಂಡುಕೊಳ್ಳಬೇಕೆಂದು ಕೇಳಿದನು. ಕೊಳ್ಳುವವನು ದೇವರ ಮನುಷ್ಯನು, ಮಾರುವವನು ರಕ್ತಸಂಬಂಧಿ. ಆದರೂ ಯೆರೆಮೀಯನು ಬಾಯಿಮಾತಿಗೆ ನಿಲ್ಲಲಿಲ್ಲ. ಹದಿನೇಳು ಶೆಕೆಲ್ ಬೆಳ್ಳಿಯನ್ನು ತಕ್ಕಡಿಯಲ್ಲಿ ತೂಗಿ ಕೊಟ್ಟನು. ಪತ್ರ ಬರೆದು ಮುದ್ರೆ ಹಾಕಿದನು. ಸಾಕ್ಷಿಗಳಿಂದ ರುಜು ಮಾಡಿಸಿದನು. ಆ ಪತ್ರಗಳು ಬಹುಕಾಲ ಕೆಡದಿರುವಂತೆ ಅವುಗಳನ್ನು ಮಣ್ಣಿನ ಗಡಿಗೆಯಲ್ಲಿ ಇಡಿಸಿದನು. ಯಾಕೆ? ಬಾಯಿಮಾತು ಆಡಿದವನ ಸಂಗಡಲೇ ಸಾಯುತ್ತದೆ. ಬರಹವು ಅವನ ಹಿಂದೆಯೂ ಮಾತಾಡುತ್ತದೆ.

ನಮ್ಮ ಹಳ್ಳಿಗಳ ಸಭೆಗಳಲ್ಲಿ ಅನೇಕರು ಬೇರೆ ರೀತಿಯಾಗಿ ಯೋಚಿಸುವದುಂಟು. ಹೇಗಂದರೆ, "ನಮ್ಮ ನಮ್ಮಲ್ಲಿ ಕಾಗದವೇಕೆ? ಅಯ್ಯನವರ ಮುಂದೆ ಮಾತಾಯಿತಲ್ಲಾ. ಕಾಗದ ಕೇಳುವವನು ನಂಬಿಕೆಯಿಲ್ಲದವನು" ಅನ್ನುತ್ತಾರೆ. ಈ ಮಾತು ಕೇಳುವದಕ್ಕೆ ಸೊಗಸಾಗಿದೆ. ಆದರೆ ಇದರಿಂದ ನಷ್ಟಪಡುವವರು ಯಾರೆಂದು ವಿಚಾರಿಸಿ ನೋಡಿದರೆ, ಯಾವಾಗಲೂ ಬಲಹೀನರೇ: ಗಂಡನು ಬಿಟ್ಟ ಹೆಂಡತಿ, ಸಾಕಿಕೊಂಡ ಮಗು, ತವರಿನಿಂದ ಹೊರಗಾದ ಮಗಳು, ಮುಪ್ಪಿನ ತಂದೆತಾಯಿಗಳು.

ಬೆಂಗಳೂರಿನ ಗಾಂಧಿನಗರಕ್ಕೆ ಹೋದವರು ಇದನ್ನು ಕಣ್ಣಾರೆ ಕಾಣಬಹುದು. ಮೆಜೆಸ್ಟಿಕ್ ಎಂದು ಜನರು ಕರೆಯುವ ಬಸ್ ನಿಲ್ದಾಣದಲ್ಲಿ ಇಳಿಯುತ್ತೇವಷ್ಟೆ. ಅದು ಹಿಂದಿನ ಧರ್ಮಾಂಬುಧಿ ಕೆರೆಯ ಅಂಗಳ. ಕೆರೆ ಬತ್ತಿಹೋಯಿತು, ಅದು ಇತ್ತೆಂಬದು ಬರಹದಿಂದಲೇ ನಮಗೆ ತಿಳಿದಿದೆ. ಅಲ್ಲಿಂದ ಕೆಂಪೇಗೌಡ ರಸ್ತೆಯನ್ನು ಹಿಡಿದು ಮೈಸೂರು ಬ್ಯಾಂಕ್ ವೃತ್ತದ ಕಡೆಗೆ ನಡೆದರೆ ಕಂದಾಯ ಭವನವೂ ನಗರದ ಸಿವಿಲ್ ನ್ಯಾಯಾಲಯವೂ ಸಿಕ್ಕುತ್ತವೆ. ಅಂಥ ಕಚೇರಿಗಳ ಮೆಟ್ಟಲುಗಳ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ನಾಲ್ಕು ಕಾಗದಗಳನ್ನಿಟ್ಟುಕೊಂಡು ಕಾದಿರುವ ಮುದುಕರನ್ನೂ, ಸೆರಗಿನಲ್ಲಿ ಕಣ್ಣೊರಸಿಕೊಳ್ಳುವ ತಾಯಂದಿರನ್ನೂ ನೋಡಿದರೆ, ಯೆರೆಮೀಯನ ಗಡಿಗೆಯು ಯಾಕೆ ಬೇಕಾಗಿತ್ತೆಂಬದು ಮನಸ್ಸಿಗೆ ಬರುವದು. ಆದಕಾರಣ ಕುಟುಂಬದ ಐದು ಸಂಗತಿಗಳಲ್ಲಿ ಕಾಯಿದೆಯು ಏನು ಹೇಳುತ್ತದೆಂಬದನ್ನು ಈ ಪಾಠದಲ್ಲಿ ಕಲಿಯೋಣ.

೧. ವಿವಾಹ

ನಮ್ಮ ವಿವಾಹಗಳು ೧೮೭೨ನೆಯ ಭಾರತೀಯ ಕ್ರೈಸ್ತ ವಿವಾಹ ಕಾಯಿದೆಗೆ ಒಳಪಟ್ಟವುಗಳು. ವಧೂವರರಲ್ಲಿ ಒಬ್ಬರು ಕ್ರೈಸ್ತರಾಗಿದ್ದು ಕ್ರೈಸ್ತ ಪದ್ಧತಿಯಿಂದ ವಿವಾಹ ನಡೆಯುವದಾದರೆ, ಆ ಕಾಯಿದೆಯು ಒಪ್ಪಿದ ಬೋಧಕರು, ಅಥವಾ ಸರಕಾರದ ಪರವಾನಗಿ ಹೊಂದಿದವರು, ಇಲ್ಲವೆ ವಿವಾಹದ ರಿಜಿಸ್ಟ್ರಾರರು ಅದನ್ನು ನಡಿಸತಕ್ಕದ್ದು. ಬೇರೆ ಯಾರು ನಡಿಸಿದರೂ ಅದು ವಿವಾಹವೇ ಅಲ್ಲ. ಈಗ ಹಳ್ಳಿಗಳಲ್ಲಿ ತಾವೇ ಸಭೆ ಕೂಡಿಸಿ, ತಾವೇ ಬೋಧಕರೆನಿಸಿಕೊಂಡು, ಪರವಾನಗಿಯಿಲ್ಲದೆ ಲಗ್ನ ಮಾಡಿಸುವವರು ಇದ್ದಾರೆ. ಅವರ ಪ್ರಾರ್ಥನೆಯು ಎಷ್ಟು ಭಕ್ತಿಯುಳ್ಳದ್ದಾಗಿದ್ದರೂ, ನಾಳೆ ಆ ಹೆಣ್ಣುಮಗಳು ವಿಧವೆಯಾಗಿ ಪಾಲು ಕೇಳುವಾಗ, "ನೀನು ಹೆಂಡತಿಯೆಂಬದಕ್ಕೆ ಏನು ಆಧಾರ?" ಎಂಬ ಪ್ರಶ್ನೆಗೆ ಉತ್ತರವಿರುವದಿಲ್ಲ. ಆದಕಾರಣ ಲಗ್ನಪತ್ರಿಕೆ ಅಚ್ಚುಹಾಕಿಸುವದಕ್ಕೆ ಮುಂಚೆ, "ಅಯ್ಯನವರೇ, ತಮಗೆ ಪರವಾನಗಿ ಉಂಟೋ?" ಎಂದು ವಿನಯದಿಂದ ಕೇಳುವದು ತಪ್ಪಲ್ಲ.

ವರನಿಗೆ ೨೧ ವರುಷವೂ ವಧುವಿಗೆ ೧೮ ವರುಷವೂ ತುಂಬಿರಬೇಕು. ನಮ್ಮ ರಾಜ್ಯವು ೨೦೦೬ನೆಯ ಬಾಲ್ಯವಿವಾಹ ನಿಷೇಧ ಕಾಯಿದೆಗೆ ಮಾಡಿದ ತಿದ್ದುಪಡಿಯು ೨೦೧೭ರಲ್ಲಿ ಜಾರಿಗೆ ಬಂದ ಮೇಲೆ, ಕರ್ನಾಟಕದಲ್ಲಿ ನಡೆದ ಬಾಲ್ಯವಿವಾಹವು ಮೊದಲಿನಿಂದಲೇ ಅಸಿಂಧು. ಅದನ್ನು ನಡಿಸಿದವರಿಗೆ ಎರಡು ವರುಷಗಳ ವರೆಗೆ ಕಠಿಣ ಸಜೆಯೂ ಒಂದು ಲಕ್ಷ ರೂಪಾಯಿಯ ವರೆಗೆ ದಂಡವೂ ಆಗಬಹುದು. ದಾಖಲೆ ಪುಸ್ತಕದಲ್ಲಿ ದಂಪತಿಗಳೂ ಇಬ್ಬರು ಸಾಕ್ಷಿಗಳೂ ರುಜು ಹಾಕಿದ ಮೇಲೆ ಪ್ರಮಾಣಪತ್ರದ ಪ್ರತಿಯನ್ನು ಕೇಳಿ ತೆಗೆದುಕೊಳ್ಳಿರಿ. ಅದು ಮಣಮುರುಕು ಒಡವೆಗಿಂತಲೂ ಹೆಚ್ಚಿನ ಬೆಲೆಯುಳ್ಳದ್ದು.

ಇನ್ನೊಂದು ಮಾತು. ದೀಕ್ಷಾಸ್ನಾನಕ್ಕೆ ಮುಂಚೆ ತಮ್ಮ ಕುಲದ ಪದ್ಧತಿಯಂತೆ ವಿವಾಹವಾದವರು, "ಹಳೆಯದೆಲ್ಲಾ ಹೋಯಿತು, ಆ ವಿವಾಹವೂ ಹೋಯಿತು" ಎಂದು ನೆನಸಕೂಡದು. ಮತಾಂತರವೊಂದರಿಂದಲೇ ವಿವಾಹವು ಮುರಿದುಬೀಳುವದಿಲ್ಲ. ದೀಕ್ಷೆ ಹೊಂದದೆ ಉಳಿದ ಹೆಂಡತಿಯೂ ಹೆಂಡತಿಯೇ. ಅವಳ ಪೋಷಣೆಯು ಗಂಡನ ಮೇಲಿನ ಭಾರವೇ.

೨. ಅಗಲಿಕೆ

ಗಂಡಹೆಂಡರಲ್ಲಿ ಜಗಳವಾದಾಗ ಸಭೆಯ ಹಿರಿಯರು ಕೂಡುವದು ಒಳ್ಳೇ ವಾಡಿಕೆ. ಆದರೆ ಕೆಲವು ಸಾರಿ ಏನಾಗುತ್ತದೆ? ಮೂರು ಸಾರಿ ಕೂಡಿದ ಮೇಲೆ ಬೇಸತ್ತು, ಛಾಪಾ ಕಾಗದವನ್ನು ತರಿಸಿ, ಇವರಿಬ್ಬರೂ ಇಂದಿನಿಂದ ಬೇರೆ, ಯಾರು ಯಾರನ್ನು ಬೇಕಾದರೂ ಮದುವೆಯಾಗಬಹುದು ಎಂದು ಬರೆದು, "ಅವ್ವಾ, ಇಲ್ಲಿ ಹೆಬ್ಬೆಟ್ಟು ಒತ್ತು" ಅನ್ನುತ್ತಾರೆ. ಇಲ್ಲಿ ಬರಹವೇನೋ ಉಂಟು. ಆದರೆ ಅದು ಅಧಿಕಾರವಿಲ್ಲದವರ ಬರಹ, ಗಡಿಗೆಯಲ್ಲಿಟ್ಟು ಕಾಪಾಡತಕ್ಕದ್ದಲ್ಲ. ಹಿರಿಯರಿಗೆ ಕೂಡಿಸುವ ಅಧಿಕಾರ ಉಂಟು, ಬಿಡಿಸುವ ಅಧಿಕಾರವಿಲ್ಲ.

ಇದು ನಮ್ಮ ಸಣ್ಣ ಸಭೆಗಳಿಗೆ ಮಾತ್ರ ಸೇರಿದ ನಿಯಮವಲ್ಲ. ರೋಮನ್ ಕಥೋಲಿಕ ಸಭೆಯು ತನ್ನ ಧರ್ಮಶಾಸ್ತ್ರಕ್ಕನುಸಾರವಾಗಿ ವಿವಾಹವನ್ನು ರದ್ದು ಮಾಡುವ ನ್ಯಾಯಪೀಠಗಳನ್ನು ಬಹುಕಾಲದಿಂದ ಇಟ್ಟುಕೊಂಡಿದೆ. ಅಂಥ ತೀರ್ಪಿಗೆ ದೇಶದ ಕಾಯಿದೆಯಲ್ಲಿ ಬಲವಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ೧೯೯೬ರಲ್ಲಿ ಹೇಳಿತು. ಆ ತೀರ್ಪುಗಳನ್ನು ಅಂಗೀಕರಿಸಬೇಕೆಂದು ಮಂಗಳೂರಿನ ನ್ಯಾಯವಾದಿ ಕ್ಲಾರೆನ್ಸ್ ಪಾಯಸ್ ಅವರು ಸಲ್ಲಿಸಿದ ಅರ್ಜಿಯನ್ನು ಅದೇ ನ್ಯಾಯಾಲಯವು ೨೦೧೭ರಲ್ಲಿ ತಳ್ಳಿಹಾಕಿತು. ಅಷ್ಟು ದೊಡ್ಡ ಸಭೆಯ ತೀರ್ಪಿಗೇ ಹೀಗಾದರೆ, ನಮ್ಮ ಹಳ್ಳಿಯ ಐದು ಮಂದಿ ಹಿರಿಯರ ಛಾಪಾ ಕಾಗದಕ್ಕೆ ಏನು ಬೆಲೆ? ಆ ಕಾಗದವನ್ನು ನಂಬಿ ಇನ್ನೊಂದು ವಿವಾಹ ಮಾಡಿಕೊಂಡವರಿಗೆ ಭಾರತೀಯ ನ್ಯಾಯ ಸಂಹಿತೆಯ ೮೨ನೆಯ ಕಲಮಿನ ಪ್ರಕಾರ ಏಳು ವರುಷಗಳ ವರೆಗೆ ಸೆರೆಮನೆಯಾಗಬಹುದು. ಎರಡನೆಯ ಹೆಂಡತಿಯಾಗಿ ಬಂದವಳು ಹೆಂಡತಿಯೆನಿಸುವದಿಲ್ಲ. ತಪ್ಪು ಮಾಡದ ಅವಳೇ ಬೀದಿಗೆ ಬೀಳುವಳು.

ವಿಚ್ಛೇದನವನ್ನು ಕೊಡತಕ್ಕದ್ದು ನ್ಯಾಯಾಲಯವೇ, ಅದೂ ೧೮೬೯ನೆಯ ವಿಚ್ಛೇದನ ಕಾಯಿದೆಯ ಪ್ರಕಾರ. ಈ ಕಾಯಿದೆಯ ಚರಿತ್ರೆಯನ್ನು ನಮ್ಮ ಸಹೋದರಿಯರು ತಿಳಿದಿರಬೇಕು. ನೂರಮೂವತ್ತು ವರುಷಗಳಿಗಿಂತ ಹೆಚ್ಚು ಕಾಲ ಅದರಲ್ಲಿ ಗಂಡನಿಗೊಂದು ಅಳತೆ, ಹೆಂಡತಿಗೊಂದು ಅಳತೆ ಇತ್ತು. ಹೆಂಡತಿಯ ವ್ಯಭಿಚಾರವೊಂದನ್ನೇ ತೋರಿಸಿ ಗಂಡನು ಬಿಡುಗಡೆ ಹೊಂದಬಹುದಾಗಿತ್ತು. ಹೆಂಡತಿಯಾದರೋ ಗಂಡನ ವ್ಯಭಿಚಾರದ ಸಂಗಡ ಕ್ರೂರತನವನ್ನೋ, ಎರಡು ವರುಷ ತನ್ನನ್ನು ಬಿಟ್ಟುಹೋದದ್ದನ್ನೋ, ಅಂಥ ಬೇರೊಂದು ಅಪರಾಧವನ್ನೋ ಸ್ಥಾಪಿಸಬೇಕಾಗಿತ್ತು. ಕುಡಿದು ಹೊಡೆಯುವವನು ವ್ಯಭಿಚಾರಿಯಲ್ಲದಿದ್ದರೆ ಅವಳಿಗೆ ಬಿಡುಗಡೆಯೇ ಇರಲಿಲ್ಲ. ೨೦೦೧ರ ತಿದ್ದುಪಡಿಯಿಂದ ಈ ಭೇದವು ತೊಲಗಿತು. ಈಗ ಕ್ರೂರತನವೊಂದೇ, ಇಲ್ಲವೆ ಎರಡು ವರುಷ ತ್ಯಜಿಸಿ ಹೋದದ್ದೊಂದೇ, ಇಬ್ಬರಿಗೂ ಸಾಕಾದ ಕಾರಣ. ಕುಷ್ಠರೋಗವು ಸಹ ಆ ಪಟ್ಟಿಯಲ್ಲಿತ್ತು. ಅದನ್ನು ೨೦೧೯ರಲ್ಲಿ ತೆಗೆದುಹಾಕಿದರು. ಔಷಧದಿಂದ ವಾಸಿಯಾಗುವ ರೋಗಕ್ಕಾಗಿ ಸಂಗಾತಿಯನ್ನು ಬಿಡುವದು ನ್ಯಾಯವಲ್ಲವಷ್ಟೆ.

ಇಬ್ಬರೂ ಒಪ್ಪಿ ಬಿಡುಗಡೆ ಕೇಳುವ ದಾರಿಯೂ ೨೦೦೧ರಲ್ಲಿಯೇ ತೆರೆಯಿತು. ಅದಕ್ಕೆ ಎರಡು ವರುಷ ಬೇರೆಬೇರೆ ಇದ್ದಿರಬೇಕೆಂದು ಕಾಯಿದೆಯಲ್ಲಿ ಬರೆದಿದೆ. ಬೇರೆ ಮತಗಳವರಿಗೆ ಒಂದೇ ವರುಷವಿರುವಾಗ ಕ್ರೈಸ್ತರಿಗೆ ಎರಡೇಕೆಂದು ೨೦೧೦ರಲ್ಲಿ ಕೇರಳದ ಉಚ್ಚ ನ್ಯಾಯಾಲಯವೂ, ೨೦೧೪ರಲ್ಲಿ ನಮ್ಮ ಕರ್ನಾಟಕದ ಉಚ್ಚ ನ್ಯಾಯಾಲಯವೂ ವಿಚಾರಿಸಿ, ಅದನ್ನು ಒಂದು ವರುಷವೆಂದೇ ಓದತಕ್ಕದ್ದೆಂದು ತೀರ್ಪು ಕೊಟ್ಟವು.

ಹಾಗಾದರೆ ಹಿರಿಯರಿಗೆ ಕೆಲಸವಿಲ್ಲವೋ? ಬೇಕಾದಷ್ಟಿದೆ. ೧೯೮೪ನೆಯ ಕುಟುಂಬ ನ್ಯಾಯಾಲಯಗಳ ಕಾಯಿದೆಯು ನ್ಯಾಯಾಧೀಶರಿಗೇ ಮೊದಲು ರಾಜಿಗೆ ಪ್ರಯತ್ನಿಸಬೇಕೆಂದು ಆಜ್ಞಾಪಿಸುತ್ತದೆ. ಬೆಂಗಳೂರಿನಲ್ಲಿ ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿ ಕುಟುಂಬ ನ್ಯಾಯಾಲಯವೂ ಸಂಧಾನ ಕೇಂದ್ರವೂ ಒಂದೇ ಆವರಣದಲ್ಲಿವೆ. ನ್ಯಾಯಾಧೀಶರು ಮಾಡುವ ಆ ರಾಜಿಯ ಪ್ರಯತ್ನವನ್ನು ಹಿರಿಯರು ಹಳ್ಳಿಯಲ್ಲಿಯೇ ಮಾಡಲಿ. ಆದರೆ ಹೊಡೆತ ತಿಂದವಳಿಗೆ "ತಾಳಿಕೋ ಮಗಳೇ" ಎಂದು ಮಾತ್ರ ಹೇಳಿ ಕಳುಹಿಸುವದು ರಾಜಿಯಲ್ಲ. ೨೦೦೫ನೆಯ ಕೌಟುಂಬಿಕ ಹಿಂಸೆಯ ಕಾಯಿದೆಯು ಅವಳಿಗೆ ರಕ್ಷಣೆಯನ್ನೂ ಗಂಡನ ಮನೆಯಲ್ಲಿ ವಾಸಿಸುವ ಹಕ್ಕನ್ನೂ ಕೊಡುತ್ತದೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ೧೪೪ನೆಯ ಕಲಮಿನ ಪ್ರಕಾರ ಹೆಂಡತಿಯೂ ಚಿಕ್ಕ ಮಕ್ಕಳೂ, ಹಾಗೆಯೇ ತಂದೆತಾಯಿಗಳೂ, ಜೀವನಾಂಶ ಕೇಳಬಹುದು. ವಕೀಲರಿಗೆ ಕೊಡಲು ಹಣವಿಲ್ಲವೆಂದು ಯಾವ ಹೆಂಗಸೂ ಹಿಂಜರಿಯಬೇಕಾಗಿಲ್ಲ. ೧೯೮೭ನೆಯ ಕಾನೂನು ಸೇವೆಗಳ ಪ್ರಾಧಿಕಾರದ ಕಾಯಿದೆಯು ಹೆಂಗಸರಿಗೂ ಮಕ್ಕಳಿಗೂ, ಪರಿಶಿಷ್ಟ ಜಾತಿಪಂಗಡಗಳವರಿಗೂ ಉಚಿತ ಸಹಾಯವನ್ನು ಗೊತ್ತುಮಾಡಿದೆ. ತಾಲ್ಲೂಕಿನ ನ್ಯಾಯಾಲಯದಲ್ಲಿರುವ ಕಾನೂನು ಸೇವಾ ಸಮಿತಿಯನ್ನು ಕೇಳಿದರೆ ಸಾಕು.

೩. ಮಕ್ಕಳು

ತಂದೆತಾಯಿಗಳು ಅಗಲಿದಾಗ ಮಗು ಯಾರದು? ಸೊಲೊಮೋನನ ಮುಂದೆ ಬಂದ ಇಬ್ಬರು ತಾಯಂದಿರ ಕಥೆಯನ್ನು ಎಲ್ಲರೂ ಬಲ್ಲೆವು. ಅವನು ಹುಡುಕಿದ್ದು ಮಗುವಿನ ಮೇಲೆ ನಿಜವಾದ ಪ್ರೀತಿ ಯಾರಿಗುಂಟೆಂಬದನ್ನು. ೧೮೯೦ನೆಯ ಪಾಲಕರ ಮತ್ತು ಪಾಲ್ಯರ ಕಾಯಿದೆಯ ಕೆಳಗೆ ನಮ್ಮ ನ್ಯಾಯಾಲಯಗಳು ಎಲ್ಲಕ್ಕಿಂತ ಹೆಚ್ಚಾಗಿ ನೋಡುವದು ಮಗುವಿನ ಕ್ಷೇಮವನ್ನೇ. ವಿವಾಹವಿಲ್ಲದೆ ತಾಯಿಯಾದ ಒಬ್ಬ ಕ್ರೈಸ್ತ ಹೆಂಗಸು ತನ್ನ ಮಗುವಿಗೆ ತಾನೇ ಪಾಲಕಳಾಗಬೇಕೆಂದು ಕೇಳಿದಾಗ, ತಂದೆಗೆ ತಿಳುವಳಿಕೆ ಪತ್ರ ಕಳುಹಿಸದೆಯೇ ಅವಳ ಅರ್ಜಿಯನ್ನು ವಿಚಾರಿಸಬಹುದೆಂದು ಸರ್ವೋಚ್ಚ ನ್ಯಾಯಾಲಯವು ೨೦೧೫ರಲ್ಲಿ ತೀರ್ಪು ಮಾಡಿತು.

ಮಕ್ಕಳಿಲ್ಲದ ದಂಪತಿಗಳು ತಂಗಿಯ ಮಗುವನ್ನೋ ದಿಕ್ಕಿಲ್ಲದ ಮಗುವನ್ನೋ ಮನೆಗೆ ತಂದು, ದೀಕ್ಷಾಸ್ನಾನ ಮಾಡಿಸಿ, ತಮ್ಮ ಹೆಸರಿಟ್ಟು ಸಾಕುವದುಂಟು. ಇದು ದೊಡ್ಡ ಪ್ರೀತಿಯ ಕೆಲಸವೇ. ಆದರೆ ದೇವಾಲಯದ ದಾಖಲೆಯಿಂದ ಆ ಮಗು ಕಾಯಿದೆಯ ಪ್ರಕಾರ ದತ್ತು ಆಗುವದಿಲ್ಲ. ೧೯೫೬ನೆಯ ಹಿಂದೂ ದತ್ತಕ ಕಾಯಿದೆಯು ನಮಗೆ ಅನ್ವಯಿಸುವದಿಲ್ಲ. ೨೦೧೫ನೆಯ ಬಾಲನ್ಯಾಯ ಕಾಯಿದೆಯ ಮೂಲಕ ಯಾವ ಮತದವರಾದರೂ ದತ್ತು ತೆಗೆದುಕೊಳ್ಳಬಹುದು. ೨೦೨೨ರಿಂದ ಅದರ ಆಜ್ಞೆಯನ್ನು ಜಿಲ್ಲಾ ದಂಡಾಧಿಕಾರಿಗಳು ಕೊಡುತ್ತಾರೆ. ಹೀಗೆ ಮಾಡದೆ ಸಾಕಿದ ತಂದೆ ಸತ್ತರೆ, ಇಪ್ಪತ್ತು ವರುಷ "ಅಪ್ಪಾ" ಎಂದು ಕರೆದ ಮಗುವು ಬರಿಗೈಯಾಗುವದು. ಎಂದೂ ಮನೆಗೆ ಬಾರದ ದಾಯಾದಿಯು ಪಾಲಿಗೆ ಬರುವನು.

೪. ಹೆಣ್ಣುಮಕ್ಕಳ ಪಾಲು

ಚಲ್ಪಹಾದನ ಐದು ಮಂದಿ ಕುಮಾರ್ತೆಯರು ಮೋಶೆಯ ಮುಂದೆ ನಿಂತು, ಗಂಡುಮಕ್ಕಳಿಲ್ಲದ ತಮ್ಮ ತಂದೆಯ ಸ್ವಾಸ್ಥ್ಯವನ್ನು ತಮಗೆ ಕೊಡಬೇಕೆಂದು ಕೇಳಿದರು. ಅವರ ಮಾತು ನ್ಯಾಯವೆಂಬ ತೀರ್ಪು ಬಂತು. ನಮ್ಮ ಕಾಯಿದೆಯು ಇದಕ್ಕಿಂತಲೂ ಮುಂದೆ ಹೋಗಿದೆ. ಮೃತ್ಯುಪತ್ರ ಬರೆಯದೆ ಸತ್ತ ಕ್ರೈಸ್ತನ ಆಸ್ತಿಯು ೧೯೨೫ನೆಯ ಭಾರತೀಯ ಉತ್ತರಾಧಿಕಾರ ಕಾಯಿದೆಯ ಪ್ರಕಾರ ಹಂಚಿಕೆಯಾಗತಕ್ಕದ್ದು: ಮೂರರಲ್ಲಿ ಒಂದು ಭಾಗ ಹೆಂಡತಿಗೆ, ಉಳಿದ ಎರಡು ಭಾಗ ಮಕ್ಕಳಿಗೆ, ಗಂಡುಹೆಣ್ಣೆಂಬ ಭೇದವಿಲ್ಲದೆ ಸಮವಾಗಿ.

ಒಂದು ಲೆಕ್ಕ ಹಾಕೋಣ. ಒಬ್ಬನಿಗೆ ಮೂರು ಎಕರೆ ಹೊಲ. ಹೆಂಡತಿ, ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು. ಅವನು ಸತ್ತರೆ ಹೆಂಡತಿಗೆ ಒಂದು ಎಕರೆ, ನಾಲ್ಕು ಮಕ್ಕಳಲ್ಲಿ ಒಬ್ಬೊಬ್ಬರಿಗೆ ಇಪ್ಪತ್ತು ಗುಂಟೆ. "ಅಕ್ಕನ ಲಗ್ನಕ್ಕೆ ಒಡವೆ ಹಾಕಿ ಕಳುಹಿಸಿದೆವಲ್ಲಾ, ಇನ್ನೇನು ಪಾಲು?" ಎಂದು ತಮ್ಮಂದಿರು ಅನ್ನುವದುಂಟು. ಆದರೆ ತಂದೆಯು ಬದುಕಿರುವಾಗ ಮಗಳಿಗೆ ಕೊಟ್ಟದ್ದನ್ನು ಪಾಲಿನ ಲೆಕ್ಕದಲ್ಲಿ ಹಿಡಿಯಕೂಡದೆಂದು ಆ ಕಾಯಿದೆಯ ೪೯ನೆಯ ಕಲಮು ಸ್ಪಷ್ಟವಾಗಿ ಹೇಳುತ್ತದೆ.

ನೆರೆಯ ತಿರುವಾಂಕೂರಿನಲ್ಲಿ ೧೯೧೬ನೆಯ ಬೇರೊಂದು ಕಾಯಿದೆಯಿತ್ತು. ಅದರ ಪ್ರಕಾರ ಮಗಳಿಗೆ ಮಗನ ಪಾಲಿನ ನಾಲ್ಕನೆಯ ಒಂದು ಭಾಗ ಅಥವಾ ಐದು ಸಾವಿರ ರೂಪಾಯಿ, ಇವುಗಳಲ್ಲಿ ಯಾವದು ಕಡಿಮೆಯೋ ಅಷ್ಟೇ. ಮೇರಿ ರಾಯ್ ಎಂಬ ಶಿಕ್ಷಕಿಯು ಇದನ್ನು ವಿರೋಧಿಸಿ ಹೋರಾಡಿದರು. ೧೯೮೬ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಅಲ್ಲಿಯ ಕ್ರೈಸ್ತರಿಗೂ ೧೯೫೧ರಿಂದಲೇ ೧೯೨೫ನೆಯ ಕಾಯಿದೆ ಅನ್ವಯಿಸುತ್ತದೆಂದು ತೀರ್ಪು ಕೊಟ್ಟಿತು. ನಮ್ಮ ಕರ್ನಾಟಕದ ಹೆಣ್ಣುಮಕ್ಕಳಿಗೆ ಕಾಯಿದೆಯಲ್ಲಿ ಸಮಪಾಲು ಬರೆದಿದ್ದರೂ, ಹಕ್ಕು ಬಿಡುಗಡೆ ಪತ್ರಕ್ಕೆ ಓದದೆ ರುಜು ಹಾಕಿ ಅದನ್ನು ಕಳೆದುಕೊಳ್ಳುವವರು ಉಂಟು. ಪ್ರೀತಿಯಿಂದ ಬಿಟ್ಟುಕೊಡುವದು ಬೇರೆ, ತಿಳಿಯದೆ ಕಳೆದುಕೊಳ್ಳುವದು ಬೇರೆ.

ಹೊಸದಾಗಿ ಸಭೆಗೆ ಸೇರಿದವರು ಇದನ್ನೂ ತಿಳಿದಿರಲಿ. ಹಿಂದೂಗಳಾಗಿರುವ ಬಂಧುಗಳ ಆಸ್ತಿಯ ವಿಷಯದಲ್ಲಿ, ೧೯೫೬ನೆಯ ಹಿಂದೂ ಉತ್ತರಾಧಿಕಾರ ಕಾಯಿದೆಯ ೨೬ನೆಯ ಕಲಮು ಮತಾಂತರದ ನಂತರ ಹುಟ್ಟಿದ ಮಕ್ಕಳನ್ನು, ಅವರು ಪಾಲು ತೆರೆಯುವ ಹೊತ್ತಿಗೆ ಹಿಂದೂಗಳಾಗಿರದಿದ್ದರೆ, ಹೊರಗಿಡುತ್ತದೆ. ಆದಕಾರಣ ಅಜ್ಜನು ಕ್ರೈಸ್ತ ಮೊಮ್ಮಗನಿಗೆ ಏನಾದರೂ ಕೊಡಬೇಕೆಂದಿದ್ದರೆ ಮೃತ್ಯುಪತ್ರವನ್ನು ಬರೆಯತಕ್ಕದ್ದು.

ಮೃತ್ಯುಪತ್ರಕ್ಕೆ ಇಬ್ಬರು ಸಾಕ್ಷಿಗಳು ಬೇಕು. ಅದರಲ್ಲಿ ಆಸ್ತಿ ಹೊಂದುವವನಾಗಲಿ ಅವನ ಹೆಂಡತಿಯಾಗಲಿ ಸಾಕ್ಷಿ ಹಾಕಕೂಡದು. ಹಾಕಿದರೆ ಆ ಕೊಡುಗೆಯು ಬಿದ್ದುಹೋಗುವದು. ಬರೆದ ಮೇಲೆ ವಿವಾಹ ಮಾಡಿಕೊಂಡರೆ ಹಳೆಯ ಮೃತ್ಯುಪತ್ರವು ರದ್ದಾಗುವದು. ಎರಡನೆಯ ವಿವಾಹ ಮಾಡಿಕೊಳ್ಳುವ ವಿಧುರರು ಇದನ್ನು ಮರೆಯಬಾರದು. ಇದಲ್ಲದೆ, ಸತ್ತವನಿಗೆ ಮಕ್ಕಳಿದ್ದರೆ ಈ ಕಾಯಿದೆಯಲ್ಲಿ ಅವನ ತಾಯಿಗೆ ಪಾಲೇ ಇಲ್ಲ. ತಾಯಿಯನ್ನು ಸಾಕುತ್ತಿರುವ ಮಗನು ತನ್ನ ತರುವಾಯ ಅವಳ ಗತಿಯೇನೆಂದು ಇಂದೇ ಯೋಚಿಸಿ ಬರೆಯಲಿ.

೫. ಮುಪ್ಪಿನ ತಂದೆತಾಯಿಗಳು

ತಂದೆತಾಯಿಗಳಿಗೆ ಸಲ್ಲತಕ್ಕದ್ದನ್ನು ಕೊರ್ಬಾನ್, ಅಂದರೆ ದೇವರಿಗೆ ಕೊಟ್ಟದ್ದು, ಎಂದು ಹೇಳಿ ತಪ್ಪಿಸಿಕೊಳ್ಳುವವರನ್ನು ಕರ್ತನು ಗದರಿಸಿದ ಸಂಗತಿಯು ಮಾರ್ಕನ ಸುವಾರ್ತೆಯಲ್ಲಿದೆ. ಈಗಿನ ಮಕ್ಕಳು ಕೊರ್ಬಾನ್ ಎನ್ನುವದಿಲ್ಲ. "ಅಪ್ಪಾ, ಖಾತೆ ನನ್ನ ಹೆಸರಿಗೆ ಮಾಡಿಕೊಡು, ಬ್ಯಾಂಕಿನ ಸಾಲ ಸಿಕ್ಕುತ್ತದೆ, ನಿನ್ನನ್ನು ಕೊನೆಯ ತನಕ ನೋಡಿಕೊಳ್ಳುತ್ತೇನೆ" ಅನ್ನುತ್ತಾರೆ. ತಂದೆಯು ಉಪನೋಂದಣಿ ಕಚೇರಿಗೆ ಹೋಗಿ ದಾನಪತ್ರಕ್ಕೆ ಹೆಬ್ಬೆಟ್ಟು ಒತ್ತುತ್ತಾನೆ. ಕೊಟ್ಟದ್ದು ಬರಹದಲ್ಲಿ ಬಂತು. ನೋಡಿಕೊಳ್ಳುತ್ತೇನೆಂಬದು ಬಾಯಿಮಾತಿನಲ್ಲಿಯೇ ಉಳಿಯಿತು. ಅನರ್ಥವು ಅಲ್ಲಿಂದಲೇ ಹುಟ್ಟುತ್ತದೆ.

೨೦೦೭ನೆಯ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯಿದೆಯು ಎಲ್ಲಾ ಮತದವರಿಗೂ ಸೇರಿದ್ದು. ೨೦೦೮ರಿಂದ ನಮ್ಮ ರಾಜ್ಯದಲ್ಲಿ ಜಾರಿಯಲ್ಲಿದೆ. ತಮ್ಮ ಸ್ವಂತ ಸಂಪಾದನೆಯಿಂದ ಜೀವಿಸಲಾರದ ತಂದೆತಾಯಿಗಳು ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ಅರ್ಜಿ ಕೊಡಬಹುದು. ಬೆಂಗಳೂರಿನಲ್ಲಿ ಆ ಅಧಿಕಾರಿಗಳ ಕಚೇರಿಯು ಮೇಲೆ ಹೇಳಿದ ಕಂದಾಯ ಭವನದಲ್ಲಿದೆ. ಉಳಿದವರು ತಮ್ಮ ಉಪವಿಭಾಗದ ಊರಿಗೆ ಹೋಗತಕ್ಕದ್ದು. ಅಲ್ಲಿ ವಕೀಲರನ್ನಿಡಬೇಕಾದ ಅಗತ್ಯವಿಲ್ಲ. ಮಕ್ಕಳು ತಿಂಗಳಿಗೆ ಹತ್ತು ಸಾವಿರ ರೂಪಾಯಿಯ ವರೆಗೆ ಕೊಡಬೇಕೆಂದು ಮಂಡಳಿಯು ಆಜ್ಞೆ ಮಾಡಬಹುದು. ಮಕ್ಕಳಿಲ್ಲದ ಹಿರಿಯರು ತಮ್ಮ ಆಸ್ತಿಯನ್ನು ಅನುಭವಿಸುತ್ತಿರುವ ಅಥವಾ ಮುಂದೆ ಹೊಂದಲಿರುವ ಬಂಧುವಿನಿಂದಲೂ ಪೋಷಣೆ ಕೇಳಬಹುದು.

ಇನ್ನು ಕೊಟ್ಟುಬಿಟ್ಟ ಹೊಲ ಹಿಂದಕ್ಕೆ ಬರುವದೋ? ಆ ಕಾಯಿದೆಯ ೨೩ನೆಯ ಕಲಮು ಬರುವದೆನ್ನುತ್ತದೆ. ಆದರೆ ಒಂದು ಕಟ್ಟು ಉಂಟು. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆಯೇ ಕೊಟ್ಟದ್ದೆಂದು ತೋರಿಸಬೇಕು. ೨೦೨೨ರಲ್ಲಿ ಸರ್ವೋಚ್ಚ ನ್ಯಾಯಾಲಯವು ಒಂದು ಮೊಕದ್ದಮೆಯಲ್ಲಿ, ಅಂಥ ಷರತ್ತು ಸ್ಥಾಪಿತವಾಗದೆ ಪತ್ರವನ್ನು ರದ್ದು ಮಾಡಲಾಗದೆಂದು ಹೇಳಿತು. ೨೦೨೫ರಲ್ಲಿ ಅದೇ ನ್ಯಾಯಾಲಯವು, ಮಗನು ಬೇರೆ ಕಾಗದದಲ್ಲಿ ಬರೆದುಕೊಟ್ಟಿದ್ದ ವಾಗ್ದಾನವನ್ನು ನೋಡಿ, ಕಾಯಿದೆಯು ಹಿರಿಯರ ಹಿತಕ್ಕಾಗಿ ಇರುವದೆಂದು ಎಣಿಸಿ, ತಾಯಿಯ ಆಸ್ತಿಯನ್ನು ತಾಯಿಗೆ ಹಿಂದಕ್ಕೆ ಕೊಡಿಸಿತು. ಎರಡು ತೀರ್ಪುಗಳಿಂದ ನಾವು ಕಲಿಯತಕ್ಕ ಪಾಠವು ಒಂದೇ: ಆ ಷರತ್ತನ್ನು ಬರೆಯಿಸಿರಿ. ಅನ್ನ, ವಸ್ತ್ರ, ಔಷಧ, ವಾಸಕ್ಕೆ ಕೋಣೆ ಇವುಗಳನ್ನು ಕೊಡದೆ ಹೋದರೆ ಈ ದಾನವು ರದ್ದಾಗತಕ್ಕದ್ದೆಂದು ದಾನಪತ್ರದಲ್ಲಿಯೇ ಎರಡು ಸಾಲು ಸೇರಿಸಿದರೆ ಸಾಕು. ನಿಜವಾಗಿ ನೋಡಿಕೊಳ್ಳುವ ಮಗನು ಆ ಎರಡು ಸಾಲುಗಳಿಗೆ ಹೆದರುವದಿಲ್ಲ. ಹೆದರುವ ಮಗನಿಗೆ ಕೊಡುವದಕ್ಕೆ ಮುಂಚೆ ತಂದೆಯು ಹೆದರಲಿ.

ಸಮಾಪ್ತಿ

ಬರಹವು ಪ್ರೀತಿಗೆ ಬದಲಲ್ಲ. ಕಾಗದದಿಂದ ಯಾರೂ ಒಳ್ಳೇ ಗಂಡನಾಗಲಿಲ್ಲ, ಒಳ್ಳೇ ಮಗಳಾಗಲಿಲ್ಲ. ಆದರೆ ಪ್ರೀತಿಯು ತಣ್ಣಗಾದ ದಿವಸ ಬಲಹೀನರಿಗೆ ಆಶ್ರಯವಾಗುವದು ಆ ಬರಹವೇ. ಆದಕಾರಣ ನಮ್ಮ ಮನೆಗಳಲ್ಲಿ ಒಂದು ತಗಡಿನ ಪೆಟ್ಟ��ಗೆಯು ಯೆರೆಮೀಯನ ಗಡಿಗೆಯಂತೆ ಇರಲಿ. ಅದರಲ್ಲಿ ವಿವಾಹದ ಪ್ರಮಾಣಪತ್ರ, ಮಕ್ಕಳ ಜನನಪತ್ರ, ಪಹಣಿ, ಮೃತ್ಯುಪತ್ರ ಇವು ಇರಲಿ. ಬೀಗದ ಕೈ ಎಲ್ಲಿದೆಯೆಂದು ಹೆಂಡತಿಗೂ ತಿಳಿದಿರಲಿ.

ಸಭೆಯಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

೧. ರಕ್ತಸಂಬಂಧಿಯಿಂದ ಕೊಂಡಾಗಲೂ ಯೆರೆಮೀಯನು ಪತ್ರ ಬರೆಯಿಸಿದ್ದೇಕೆ?
೨. ನಮ್ಮ ಸಭೆಯಲ್ಲಿ ವಿವಾಹ ನಡಿಸುವವರಿಗೆ ಪರವಾನಗಿ ಉಂಟೋ? ದಾಖಲೆ ಪುಸ್ತಕವನ್ನು ಯಾರು ಇಟ್ಟಿದ್ದಾರೆ?
೩. ಹಿರಿಯರ ಮುಂದೆ ಮಾತ್ರ ಬೇರೆಯಾದ ದಂಪತಿಗಳು ನಮ್ಮಲ್ಲಿದ್ದರೆ ಅವರಿಗೆ ಏನು ಹೇಳತಕ್ಕದ್ದು?
೪. ಆರು ಎಕರೆ ಹೊಲವುಳ್ಳ ಒಬ್ಬನು ಹೆಂಡತಿಯನ್ನೂ, ಒಬ್ಬ ಮಗನನ್ನೂ, ಮೂವರು ಹೆಣ್ಣುಮಕ್ಕಳನ್ನೂ ಬಿಟ್ಟು ಮೃತ್ಯುಪತ್ರವಿಲ್ಲದೆ ಸತ್ತರೆ ಯಾರ್ಯಾರಿಗೆ ಎಷ್ಟು?
೫. ತಂದೆಯ ಖಾತೆಯನ್ನು ತನ್ನ ಹೆಸರಿಗೆ ಮಾಡಿಸಿಕೊಂಡವರು ಈ ವಾರ ತಮ್ಮ ತಂದೆತಾಯಿಗಳಿಗೆ ಏನು ಮಾಡಿದರು?